ಸೈಕಲ್ ಇಳಿಯುವ ಜಾಗ

ನಾಪೋಕ್ಲು ಪೇಟೆಯಿಂದ ಯಾವ ರಸ್ತೆ ಹಿಡಿದರೂ ತುಸು ಹೊತ್ತಿನಲ್ಲೇ ಏರು ಎದುರಾಗುತ್ತದೆ. ಪಶ್ಚಿಮಕ್ಕೆ ಹೊರಟರೆ ಬಲ್ಲಮಾವಟಿ, ಅಯ್ಯಂಗೇರಿ ಕಡೆಯಿಂದ ಭಾಗಮಂಡಲ. ದಕ್ಷಿಣಕ್ಕೆ ಹೊರಳಿದರೆ ಜೇನಿಗೆ ಹೆಸರಾದ ಕಕ್ಕಬ್ಬೆ, ಅದರ ಬೆನ್ನಿಗೆ ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, 1748 ಮೀಟರ್. ಕಾಫಿ ತೋಟಗಳು ಮುಗಿದಲ್ಲಿಂದ ಮೇಲೆ ಪಡಿನಾಲ್ಕುನಾಡು ಮೀಸಲು ಅರಣ್ಯ, ಭಾಗಮಂಡಲದಾಚೆ ತಲಕಾವೇರಿ ವನ್ಯಧಾಮ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇವೆರಡೂ ಅದರಲ್ಲಿದ್ದವು. ಹಿಮಾಲಯ ಕಂಡವರಿಗೆ ಈ ಬೆಟ್ಟಗಳು ಎತ್ತರವೇ ಅಲ್ಲ. ಆದರೆ ಸೈಕಲ್ ತುಳಿಯುವ ಕಾಲಿಗೆ ಶಿಖರದ ಎತ್ತರ ಗೊತ್ತಾಗುವುದಿಲ್ಲ, ಏರು ಎಷ್ಟು ಕಡಿದು ಎಂಬುದು ಮಾತ್ರ ಗೊತ್ತಾಗುತ್ತದೆ.

ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್. ಅಷ್ಟರಲ್ಲಿ ರಸ್ತೆ ಸುಮಾರು 400 ಮೀಟರ್ ಮೇಲೇರುತ್ತದೆ. ಸವಾರ, ಸೈಕಲ್, ಗಂಟುಮೂಟೆ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಂಡರೆ, ಆ ಭಾರವನ್ನು ಮೇಲೆತ್ತಲು ನಮ್ಮ ದೇಹ ಹೆಚ್ಚುಕಡಿಮೆ 350 ಕಿಲೋಕ್ಯಾಲರಿ ಸುಡುತ್ತದೆ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಎರಡು ಅಕ್ಕಿ ಒಟ್ಟಿ, ಒಂದು ಲೋಟ ಬೆಲ್ಲದ ಕಾಪಿ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಬೆಟ್ಟದ ಮೇಲಿರುತ್ತದೆ. ಸಾಲ ಮಾಡದೆ, ಹೊಗೆ ಬಿಡದೆ, ತಿಂದ ಅನ್ನದಿಂದಲೇ ಎತ್ತರ ತಲುಪುವ ಈ ನೇರವಾದ ವ್ಯವಹಾರ ನನಗೆ ಬಹಳ ಇಷ್ಟ. ಸೈಕಲ್ ಪ್ರವಾಸದ ನೈತಿಕ ಬಲವೆಲ್ಲ ಇಲ್ಲಿಂದಲೇ ಬರುತ್ತದೆ. ಅದರ ಅಪಾಯವೂ ಇಲ್ಲೇ ಇದೆ: ಸ್ವಂತ ಬೆವರಿನಿಂದ ಏರಿದವನಿಗೆ ಬೆಟ್ಟ ತಾನು ಗಳಿಸಿದ ಆಸ್ತಿ ಅನ್ನಿಸಿಬಿಡುತ್ತದೆ.

ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ (1853–1930) ಸೈಕಲ್ ಪ್ರವಾಸಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರು. 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು 1887ರಲ್ಲಿ ಸೈಕಲ್ಲಿಗಾಗಿಯೇ ಪತ್ರಿಕೆ ತೆರೆದರು. ಬೆಟ್ಟದ ಸೀಮೆಯವರಾದ್ದರಿಂದ ಗೇರುಗಳ ಪರವಾಗಿ ವಾದಿಸಿದರು. ಗೇರು ದುರ್ಬಲರಿಗೆ, ಗಟ್ಟಿಗರಿಗೆ ಒಂದೇ ಗೇರು ಸಾಕು ಎಂದು ಪಂದ್ಯದವರು ಹೀಯಾಳಿಸುತ್ತಿದ್ದ ಕಾಲ ಅದು. ಹಸಿವಾಗುವ ಮೊದಲೇ ಉಣ್ಣಿ, ಬಾಯಾರುವ ಮೊದಲೇ ಕುಡಿಯಿರಿ ಎಂಬಂಥ ಕಿವಿಮಾತುಗಳ ನಡುವೆ ಅವರು ಇನ್ನೊಂದನ್ನೂ ಸೇರಿಸಿದ್ದರು: ಬರೀ ಪ್ರತಿಷ್ಠೆಗಾಗಿ ತುಳಿಯಬಾರದು. ಉಳಿದವು ದೇಹಕ್ಕೆ ಹೇಳಿದವು, ಇದೊಂದು ಮನಸ್ಸಿಗೆ. ಈಗ ಏರಿನಲ್ಲಿ ಕಾಲು ನೆಲಕ್ಕೆ ತಾಗಿದರೆ ಸೋತಂತೆ. ಎಷ್ಟು ನಿಮಿಷದಲ್ಲಿ ಹತ್ತಿದೆವು, ಯಾರಿಗಿಂತ ಮುಂದಿದ್ದೇವೆ ಎಂದು ಫೋನಿನ ಆ್ಯಪ್ ಹೇಳುತ್ತದೆ. ಅದನ್ನೇ ನೋಡುತ್ತ ಹತ್ತುವವನ ಕಣ್ಣಿಗೆ ರಸ್ತೆಯ ಪಕ್ಕದಲ್ಲಿ ನಡೆಯುತ್ತಿರುವವರು ಬೀಳುವುದಿಲ್ಲ.

ನಾಪೋಕ್ಲು–ಕಕ್ಕಬ್ಬೆ ರಸ್ತೆಯಲ್ಲಿ ಸಂಜೆಯಾಗುತ್ತಿದ್ದಂತೆ ತೋಟದ ಕೆಲಸ ಮುಗಿಸಿದ ಹೆಂಗಸರು ತಲೆಯ ಮೇಲೆ ಸೌದೆ ಹೊರೆ ಹೊತ್ತು ಲೈನ್‌ಮನೆಗಳ ಕಡೆಗೆ ಹೋಗುತ್ತಿರುತ್ತಾರೆ. ಏರು ಅದೇ. ದಿನವಿಡೀ ಗಿಡದ ಬುಡದಲ್ಲಿ ಬಗ್ಗಿ ದುಡಿದ ಮೇಲೆ ಹತ್ತುವ ಏರು ಅದು. ಅವರನ್ನು ಹಿಂದೆ ಹಾಕುವಾಗ ನನ್ನ ಏದುಸಿರಿಗೆ ಏನು ಬೆಲೆ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ನನ್ನ ಕಷ್ಟ ನಾನು ಆರಿಸಿಕೊಂಡದ್ದು, ಬೇಡವೆನಿಸಿದ ಗಳಿಗೆಯಲ್ಲಿ ಬಿಡಬಹುದಾದದ್ದು. ಅವರದು ಹಾಗಲ್ಲ. ಹಾಗೆಂದು ಆರಿಸಿಕೊಂಡ ಕಷ್ಟ ಸುಳ್ಳು ಎಂದು ನಾನು ಹೇಳುವುದಿಲ್ಲ. ವ್ರತ, ಉಪವಾಸ, ಹರಕೆಯ ಕಾಲ್ನಡಿಗೆ ಎಲ್ಲವೂ ಆರಿಸಿಕೊಂಡ ಕಷ್ಟಗಳೇ. ಅವು ಮನುಷ್ಯನನ್ನು ಮೆತ್ತಗೆ ಮಾಡಿದರೆ ಸಾರ್ಥಕ, ಬಿರುಸಾಗಿಸಿದರೆ ವ್ಯರ್ಥ. ಏರಿನಲ್ಲಿ ತೊಡೆ ಉರಿಯುವಾಗ ಹೊರೆ ಹೊತ್ತವಳ ಕುತ್ತಿಗೆಯ ನೋವು ಒಂದಿಷ್ಟಾದರೂ ಅರ್ಥವಾಗಬೇಕು. ಕಾರಿನಲ್ಲಿ ಕೂತವನಿಗೆ ಈ ಅವಕಾಶವೇ ಇಲ್ಲ. ಸೈಕಲ್ ಸವಾರನಿಗಿದೆ, ಹಾಗಾಗಿ ಅವನ ಹೊಣೆಯೂ ದೊಡ್ಡದು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಬಯಲುಸೀಮೆಯ ಎಷ್ಟೋ ಹುಡುಗಿಯರಿಗೆ ಅದು ಹೈಸ್ಕೂಲಿನ ದಾರಿ ತೆರೆಯಿತು. ಗೇರಿಲ್ಲದ ಅದೇ ಸೈಕಲ್ ಬೆಟ್ಟದ ಊರಿನಲ್ಲಿ ಹೋಗುವಾಗ ವಾಹನ, ಬರುವಾಗ ತಳ್ಳಬೇಕಾದ ಹೊರೆ. ಇಪ್ಪತ್ತು ಗೇರಿನ ಸೈಕಲ್ಲಿನಲ್ಲಿ ಘಟ್ಟ ಹತ್ತಿ ಹೆಮ್ಮೆಪಡುವವರು ಇದನ್ನೂ ನೆನೆಯಬೇಕು.

ನಿಧಾನಕ್ಕೆ ಒಂದು ಗುಣವಿದೆ, ಅದು ಉತ್ತರ ಕೊಡುವಂತೆ ಮಾಡುತ್ತದೆ. ಸೈಕಲ್ಲಿನಲ್ಲಿ ಹೋಗುವವನನ್ನು ಅಂಗಡಿ ಜಗುಲಿಯಲ್ಲಿ ಕೂತ ಹಿರಿಯರು ತಡೆದು ಮಾತಾಡಿಸಬಹುದು: "ಎಲ್ಲಿಂದ ಬಂದದ್ದು? ಯಾರ ಮನೆಗೆ?" ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಕನ್ನಡ ಎಲ್ಲ ಕಿವಿಗೆ ಬೀಳುವ ಈ ಸೀಮೆಯಲ್ಲಿ ಆ ಪ್ರಶ್ನೆ ಎಲ್ಲ ಭಾಷೆಯಲ್ಲೂ ಒಂದೇ. ಯಾರ ಮನೆಗೂ ಅಲ್ಲ, ಬೆಟ್ಟ ನೋಡಲು ಬಂದೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದ ಕ್ಷಣದಿಂದ ನಾವು ಅತಿಥಿ, ಅತಿಥಿಯ ಕಟ್ಟುಪಾಡುಗಳು ನಮಗೂ ಅನ್ವಯ. 1970ರ ದಶಕದಲ್ಲಿ ಚಿಂತಕ ಇವಾನ್ ಇಲಿಚ್ ವೇಗ ಮತ್ತು ನ್ಯಾಯದ ಬಗ್ಗೆ ಬರೆಯುತ್ತ, ಒಂದು ಮಿತಿ ಮೀರಿದ ವೇಗ ಕೆಲವರ ಸಮಯವನ್ನು ಉಳಿಸಲು ಹಲವರ ಸಮಯವನ್ನು ತಿನ್ನುತ್ತದೆ ಎಂದು ವಾದಿಸಿದ್ದರು. ವಾರಾಂತ್ಯದಲ್ಲಿ ಕೊಡಗಿನ ಕಿರಿದಾದ ರಸ್ತೆಗಳನ್ನು ಕಂಡವರಿಗೆ ಆ ಮಾತಿಗೆ ಬೇರೆ ಪುರಾವೆ ಬೇಡ.

ಇಷ್ಟು ಹೇಳಿದ ಮೇಲೆ ಸೈಕಲ್ಲಿನ ವಿರುದ್ಧವೂ ಹೇಳಬೇಕು. ಹೊಗೆಯಿಲ್ಲ, ಸದ್ದಿಲ್ಲ, ಹಾಗಾಗಿ ಎಲ್ಲಿಗೆ ಹೋದರೂ ತಪ್ಪಿಲ್ಲ ಎಂಬ ನಂಬಿಕೆ ನಮ್ಮ ನಡುವೆ ಬೆಳೆಯುತ್ತಿದೆ. ಕಾಡಿನಲ್ಲಿ ಸದ್ದಿಲ್ಲದಿರುವುದೇ ಕೆಲವೊಮ್ಮೆ ತಪ್ಪು. ನಡೆದು ಬರುವವನ ಹೆಜ್ಜೆ ಆನೆಗೆ ದೂರದಿಂದಲೇ ತಿಳಿದೀತು. ಇಳಿಜಾರಿನಲ್ಲಿ ಜಾರಿಬರುವ ಸೈಕಲ್ ತಿರುವಿನಲ್ಲಿ ಒಮ್ಮೆಲೇ ಎದುರು ನಿಲ್ಲುತ್ತದೆ, ಇಬ್ಬರಿಗೂ ಸರಿಯಲು ಸಮಯವಿಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಂತೂ ಟೈರು ಎಳೆದ ಒಂದು ಗೆರೆ ಸಾಕು. ಭಾಗಮಂಡಲದ ಸೀಮೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹುಲ್ಲು ಕಿತ್ತ ಗೆರೆಯಲ್ಲಿ ನೀರು ಹರಿಯತೊಡಗಿದರೆ ಅದು ಕಾಲುವೆ, ಆಮೇಲೆ ಕೊರಕಲು. ಮಾಂದಲಪಟ್ಟಿ ಬೆಟ್ಟದ ದಾರಿಯನ್ನು ಪ್ರವಾಸಿಗರ ಜೀಪುಗಳು ಏನು ಮಾಡಿವೆ ಎಂದು ನೋಡಿದವರು ಇದನ್ನು ಅತಿಶಯ ಎನ್ನಲಾರರು. ಟೈರಿಗೆ ಅಂಟಿದ ಬಯಲಿನ ಮಣ್ಣಿನಲ್ಲಿ ಪಾರ್ಥೇನಿಯಂನಂಥ ಕಳೆಯ ಬೀಜವೂ ಇರಬಹುದು. ಹೊರಗಿನದು ಸದ್ದಿಲ್ಲದೆ ಒಳಗೆ ಬಂದರೆ ಏನಾಗುತ್ತದೆಂದು ಜೇನು ಸಾಕುವವರಿಗೆ ಚೆನ್ನಾಗಿ ಗೊತ್ತು: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಹಬ್ಬಿದಾಗ ಕೊಡಗಿನ ಜೇನುಪೆಟ್ಟಿಗೆಗಳು ಬರಿದಾದವು.

ಆದ್ದರಿಂದ ಎಷ್ಟು ದೂರ ತುಳಿದೆ ಎಂಬುದಕ್ಕಿಂತ ಎಲ್ಲಿ ಇಳಿದೆ ಎಂಬುದು ನನಗೆ ದೊಡ್ಡ ಪ್ರಶ್ನೆ. ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆಯವರೆಗೆ ರಸ್ತೆಯಿದೆ, ಅಲ್ಲಿಯವರೆಗೆ ಸೈಕಲ್ ಸರಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ಆ ಅರಮನೆ ಕಾಡಿನ ಅಂಚಿನಲ್ಲೇ ನಿಂತಿದೆ. ಅಲ್ಲಿಂದ ಮೇಲೆ ಕಾಲುದಾರಿ, ಕಾಲಿಗೇ ಬಿಡಬೇಕಾದದ್ದು. ಈ ನೆಲಕ್ಕೆ ಇಂಥ ಗೆರೆ ಹೊಸತಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಮರ ಬೇಕಿದ್ದರೂ, ಜಾಗ ಬೇಕಿದ್ದರೂ ಇಲ್ಲಿಂದಾಚೆ ಕೈಹಾಕುವುದಿಲ್ಲ ಎಂದು ಊರಿಗೆ ಊರೇ ಒಪ್ಪಿ ಉಳಿಸಿದ ಕಾಡುಗಳು ಅವು. ಒತ್ತುವರಿಯಿಂದ ಅವುಗಳಲ್ಲಿ ಎಷ್ಟೋ ಕುಗ್ಗಿವೆ ನಿಜ. ಆದರೂ ಕೈಗೆಟುಕುವುದನ್ನು ಮುಟ್ಟದೆ ಬಿಡುವುದು ಸಾಧ್ಯವೆಂದು ತಲೆಮಾರುಗಳ ಕಾಲ ತೋರಿಸಿಕೊಟ್ಟ ಜನ ಇವರು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಗಳನ್ನು ತಡೆದು, ಮುಂಗಡ ನೋಂದಣಿ ಕಡ್ಡಾಯ ಮಾಡಿತು. ಒಳಗಿನಿಂದ ಬರಬೇಕಾದ ಮಿತಿ ಬರದಿದ್ದಾಗ ಹೊರಗಿನಿಂದ ಬಂದದ್ದು ಅದು. ನಾನದನ್ನು ಸ್ವಾಗತಿಸುತ್ತೇನೆ.

ಮಳೆಗಾಲವೂ ಒಂದು ಗೆರೆಯೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯ ಮೇಲೆ ಬಿತ್ತು, ಐದು ಜೀವ ಹೋದವು. ಕಾವೇರಿ ಉಕ್ಕಿದರೆ ನಾಪೋಕ್ಲಿನ ರಸ್ತೆಗಳು ನೀರಿನಡಿ ಹೋಗುತ್ತವೆ. ಆ ದಿನಗಳಲ್ಲಿ ಸಾಹಸಕ್ಕೆಂದು ಬಂದವನು ಸಿಕ್ಕಿಕೊಂಡರೆ ಅವನನ್ನು ಎತ್ತಿ ತರಬೇಕಾದವರು, ತಮ್ಮ ಮನೆಯ ಹಿಂದಿನ ಧರೆ ನಿಲ್ಲುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟಿರುವ ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರಸ್ತೆಗಳನ್ನು ಅವರಿಗೇ ಬಿಡೋಣ. ಮಳೆ ಹಿಂದೆ ಸರಿದು ತುಲಾ ಸಂಕ್ರಮಣ ಕಳೆದ ಮೇಲೆ ಬೇಸಿಗೆಯವರೆಗೆ ತುಳಿಯಲು ಬೇಕಾದಷ್ಟು ದಿನಗಳಿವೆ.

ಅರಣ್ಯ ಇಲಾಖೆಯಿಂದ ನಾನು ಕೇಳುವುದು ಸಣ್ಣದು. ತಡಿಯಂಡಮೋಳ್ ದಾರಿ ಶುರುವಾಗುವಲ್ಲಿ ಸೈಕಲ್ ನಿಲ್ಲಿಸಲು ಒಂದು ನೆರಳಿನ ಜಾಗ, ಟೈರು ತೊಳೆಯಲು ಒಂದು ನಲ್ಲಿ, ನೋಡಿಕೊಳ್ಳಲು ಅಲ್ಲಿನ ಯವಕಪಾಡಿ ಊರಿನ ಹುಡುಗರಿಬ್ಬರಿಗೆ ಸಂಬಳ. ಅದಕ್ಕೆ ಬೇಕಾದ ಶುಲ್ಕವನ್ನು ಸವಾರರಿಂದಲೇ ವಸೂಲು ಮಾಡಲಿ.