ಎಚ್ಚರಿಕೆ ಬೇರೆ, ಗುಮಾನಿ ಬೇರೆ

ಕೆಲವು ತಿಂಗಳ ಹಿಂದೆ ನಮ್ಮ ಮದ್ರಸದ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕೆಟ್ಟುಹೋಯಿತು. ಒಳಗೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕತ್ತಲೆ. ಮಕ್ಕಳ ಅಂಕಗಳು, ಹಾಜರಿ, ಶುಲ್ಕದ ಲೆಕ್ಕ ಎಲ್ಲವೂ ಅದರಲ್ಲಿದ್ದವು. ಪೇಟೆಯ ಅಂಗಡಿಗೆ ಒಯ್ದಾಗ ಅಲ್ಲಿದ್ದಾತ ಎರಡು ನಿಮಿಷ ನೋಡಿ, "ಉಸ್ತಾದರೇ, ಮದರ್‌ಬೋರ್ಡ್ ಹೋಗಿದೆ. ಆರೂವರೆ ಸಾವಿರ ಆಗುತ್ತದೆ" ಎಂದ. ಅಷ್ಟು ಹಣವಿರಲಿಲ್ಲ, ಮರಳಿ ತಂದೆ. ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದು ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹಳದಿ ಅಂಚನ್ನು ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸಿದ. ಕಂಪ್ಯೂಟರ್ ಸರಿಯಾಯಿತು. ತಗಲಿದ ಖರ್ಚು ಒಂದು ಲೋಟ ಚಹಾ!

ನನಗೆ ತಡೆಯಲಾರದ ಸಿಟ್ಟು ಬಂತು. ಜುಮಾ ನಮಾಝಿನ ಬಳಿಕ ನಾಲ್ಕು ಜನರ ಮುಂದೆ ಆತನನ್ನು ಮೋಸಗಾರನೆಂದು ಹೇಳಿಯೂ ಬಿಟ್ಟೆ. ರಾತ್ರಿ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಆತ ಸುಳ್ಳು ಹೇಳಿದ್ದನೇ, ಅಥವಾ ಆತನಿಗೆ ಗೊತ್ತೇ ಇರಲಿಲ್ಲವೇ?

ಕಳೆದುಕೊಳ್ಳುವವನಿಗೆ ಎರಡೂ ಒಂದೇ. ಆದರೆ ಹೃದಯಗಳನ್ನು ಬಲ್ಲ ಅಲ್ಲಾಹನ ಬಳಿ ಅವು ಒಂದೇ ಆಗಲಾರವು.

ಮೋಸದ ವಿಷಯದಲ್ಲಿ ಇಸ್ಲಾಮಿನ ನಿಲುವು ಸುಸ್ಪಷ್ಟ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು, ವಂಚಿಸುವವನನ್ನು ತಮ್ಮವನಲ್ಲವೆಂದರು. ಇಂದು ಧಾನ್ಯದ ರಾಶಿಯ ಜಾಗದಲ್ಲಿ ಯಂತ್ರವಿದೆ. ಅದರೊಳಗೆ ಕೈ ಹಾಕಿ ನೋಡಲು ಗ್ರಾಹಕನಿಗೆ ತಿಳಿಯದು. ಅಮೆರಿಕದ ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿಯ ಪ್ರಕರಣವನ್ನೇ ನೋಡಿ. ಅಲ್ಲಿ ಉಚಿತ ತಪಾಸಣೆಯ ಆರಂಭದಲ್ಲಿ ಗ್ರಾಹಕನಿಗೆ ಕೆಲವು ಪ್ರಶ್ನೆ ಕೇಳಲಾಗುತ್ತಿತ್ತು. ಒಂದಕ್ಕೆ 'ಹೌದು' ಎಂದರೂ ಸಾಕು, ಯಂತ್ರದಲ್ಲಿ ಏನೇ ಇರಲಿ, ವೈರಸ್ಸಿನಂತಹ ಸೋಂಕಿನ ಲಕ್ಷಣವಿದೆಯೆಂದು ಪ್ರೋಗ್ರಾಮ್ ತೋರಿಸುತ್ತಿತ್ತು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. 2019ರಲ್ಲಿ ಆ ಸಂಸ್ಥೆ 2.5 ಕೋಟಿ ಡಾಲರ್, ಪ್ರೋಗ್ರಾಮ್ ಒದಗಿಸಿದ ಸಂಸ್ಥೆ 1 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಹಾಗಾದರೆ ಅರಿಯದೆ ತಪ್ಪುವವನು ನಿರಪರಾಧಿಯೇ? ಹಾಗೂ ಅಲ್ಲ. ವೈದ್ಯ ತಿಳಿಯದೆ ವೈದ್ಯ ಮಾಡುವವನು ಹಾನಿಗೆ ಹೊಣೆಗಾರನೆಂಬ ಅರ್ಥದ ಹದೀಸ್ ಇದೆ. ಗೊತ್ತಿಲ್ಲದಾಗ 'ಗೊತ್ತಿಲ್ಲ' ಎನ್ನುವುದೂ ಅಮಾನತ್ತಿನ ಭಾಗವಾಗಿದೆ. ಪರಿಶೀಲಿಸದೆ 'ಮದರ್‌ಬೋರ್ಡ್ ಹೋಗಿದೆ' ಎಂದವನು, ಕೇಳದೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಒಂದು ಮನೆಯ ವರ್ಷಗಳ ಫೋಟೋಗಳನ್ನು ಅಳಿಸಿದವನು, ತಾನು ಸುಳ್ಳು ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಪಾರಾಗಲಾರನು. ಇಂತಹ ಕೆಲಸದಲ್ಲಿರುವ ನಮ್ಮ ಯುವಕರು ಇದನ್ನು ಗಂಭೀರವಾಗಿ ಚಿಂತಿಸಬೇಕಾಗಿದೆ.

ಇನ್ನು ಗ್ರಾಹಕನ ಮಾತು. ಸೂರಃ ಅಲ್ ಹುಜುರಾತ್ ಬಂದ ಸುದ್ದಿಯನ್ನು ವಿಚಾರಿಸಿ ನೋಡಲು ಹೇಳುತ್ತದೆ. ಹೆಚ್ಚು ಗುಮಾನಿಯಿಂದ ದೂರವಿರಲು ಆಜ್ಞಾಪಿಸುವುದೂ ಅದೇ ಸೂರಃ. ಮೊದಲನೆಯದು ಮಾತನ್ನು ಪರೀಕ್ಷಿಸುವುದು, ಎರಡನೆಯದು ಮನುಷ್ಯನ ಮನಸ್ಸಿನ ಮೇಲೆ ತೀರ್ಪು ಕೊಡುವುದು. ನಾನು ಮಾಡಬೇಕಾದ ಮೊದಲನೆಯದನ್ನು ಬಿಟ್ಟು, ಬಿಡಬೇಕಾದ ಎರಡನೆಯದನ್ನು ಮಾಡಿದ್ದೆ.

'ಬರೆದು ಕೊಡಿ ಎಂದರೆ ಅಪನಂಬಿಕೆಯಾಗುವುದಿಲ್ಲವೇ' ಎಂದು ಕೆಲವರು ಸಂಕೋಚಪಡುತ್ತಾರೆ. ಸೂರಃ ಅಲ್ ಬಕರದಲ್ಲಿ ಸತ್ಯವಿಶ್ವಾಸಿಗಳನ್ನೇ ಕರೆದು ಸಾಲದ ವ್ಯವಹಾರವನ್ನು ಬರೆದಿಡಲು ಹೇಳಲಾಗಿದೆ. ಬರಹ ಕೊಡುವವನನ್ನೂ ಕಾಪಾಡುತ್ತದೆ, ಪಡೆಯುವವನನ್ನೂ ಕಾಪಾಡುತ್ತದೆ. ಆದ್ದರಿಂದ ಯಂತ್ರವನ್ನು ಕೊಡುವ ಮೊದಲು ಬೇಕಾದ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಮನೆಯ ಹೆಣ್ಣುಮಕ್ಕಳ ಫೋಟೋಗಳಿದ್ದರೆ ಸಾಧ್ಯವಾದಷ್ಟು ಮೊದಲೇ ತೆಗೆದಿಡಿ. ದೋಷವೇನು, ಖರ್ಚೆಷ್ಟು ಎಂದು ಬರೆಸಿಕೊಳ್ಳಿ. ರ‍್ಯಾಮ್ ಮತ್ತು ಡಿಸ್ಕಿನ ಸೀರಿಯಲ್ ನಂಬರ್ ಗುರುತಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ. ಖರ್ಚು ದೊಡ್ಡದಾದರೆ ಇನ್ನೊಬ್ಬರಿಗೂ ತೋರಿಸಿ. 'ನಾವು ಮೈಕ್ರೋಸಾಫ್ಟಿನವರು, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂದು ತಾವಾಗಿ ಫೋನ್ ಮಾಡುವವರನ್ನು ನಂಬಲೇಬೇಡಿ. ಆ ಸಂಸ್ಥೆ ಹಾಗೆ ಕರೆ ಮಾಡುವುದಿಲ್ಲ. ಅನ್ಯಾಯವಾಗಿದ್ದರೆ ಬಿಲ್ಲಿನೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಈ ಎಚ್ಚರಿಕೆಗಳು ಮೋಸದಿಂದಲೂ ತಪ್ಪಿನಿಂದಲೂ ಸಮಾನವಾಗಿ ಕಾಪಾಡುತ್ತವೆ. ಇದಿರಿನವನ ಮನಸ್ಸಿನಲ್ಲೇನಿದೆ ಎಂದು ನಾವು ನಿರ್ಣಯಿಸಬೇಕಾದ ಅಗತ್ಯವೇ ಬರುವುದಿಲ್ಲ.

ಮರುವಾರ ಆ ಅಂಗಡಿಗೆ ಹೋಗಿ ನಡೆದುದನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ರ‍್ಯಾಮ್ ತೆಗೆದು ನೋಡಲಿಲ್ಲ ಉಸ್ತಾದರೇ, ಅವಸರದಲ್ಲಿದ್ದೆ" ಎಂದ. ಅದು ನಿಜವೋ ಸುಳ್ಳೋ ಅಲ್ಲಾಹನೇ ಬಲ್ಲ. ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಆ ನಾಲ್ಕು ಜನರಿಗೂ ತಿಳಿಸಿದೆ. ಪರಲೋಕದಲ್ಲಿ ಆತನ ಆರೂವರೆ ಸಾವಿರದ ಲೆಕ್ಕವನ್ನು ಆತನೇ ಒಪ್ಪಿಸುವನು. ನನ್ನ ನಾಲಗೆಯ ಲೆಕ್ಕವನ್ನು ನಾನೇ ಒಪ್ಪಿಸಬೇಕಾಗಿದೆ.