ಮುಖ ತೊಳೆದುಕೊಂಡು ಬಂದ ಯೋಸೇಫ

ಎಲ್ಲರೂ ಹೇಗಿದ್ದೀರಿ?

"ಚೆನ್ನಾಗಿದ್ದೀವಿ ಪಾಸ್ಟರ್" ಅಂದ್ರಿ. ಸರಿ. ಇನ್ನೊಂದು ಸಲ ಕೇಳ್ತೀನಿ, ಈ ಸಲ ಬಾಯಲ್ಲಿ ಉತ್ತರ ಬೇಡ. ಈ ವಾರ ನಿದ್ದೆ ಬಂತಾ? ಭಾನುವಾರ ಸಂಜೆ ಆಗ್ತಿದ್ದ ಹಾಗೇ ಸೋಮವಾರದ ಮೀಟಿಂಗ್ ನೆನಪಾಗಿ ಹೊಟ್ಟೆ ಕಿವುಚುತ್ತಾ? ಬಾಯಿ "ಚೆನ್ನಾಗಿದ್ದೀನಿ" ಅನ್ನುವಾಗ ದೇಹ ಬೇರೇನೋ ಹೇಳ್ತಾ ಇದ್ರೆ, ಆ ಮಾತು ವಿಶ್ವಾಸವೋ, ಸುಳ್ಳೋ? ಇವತ್ತಿನ ಪ್ರಶ್ನೆ ಇದೇ.

ಆದಿಕಾಂಡ 41ನೇ ಅಧ್ಯಾಯ ತೆಗೆಯಿರಿ. ಹದಿಹರೆಯದಲ್ಲಿ ಅಣ್ಣಂದಿರಿಂದಲೇ ಮಾರಾಟವಾದ ಯೋಸೇಫ, 30ನೇ ವಯಸ್ಸಿಗೆ ಫರೋಹನ ಮುಂದೆ ನಿಂತಿದ್ದಾನೆ. ಹೊಸ ಹೆಸರು, ಹೊಸ ಬಟ್ಟೆ, ಉಂಗುರ, ರಥ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಪ್ರಮೋಷನ್, ಪ್ಯಾಕೇಜ್, ಕಂಪನಿ ಕಾರು. ಮೊದಲನೇ ಮಗನಿಗೆ ಮನಸ್ಸೆ ಅಂತ ಹೆಸರಿಟ್ಟ. ನಾನು ಪಟ್ಟ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ನನಗೆ ಮರೆಸಿಬಿಟ್ಟರು ಅನ್ನೋ ಅರ್ಥದಲ್ಲಿ. ನಮ್ಮ ಸಭೆಯಲ್ಲಿ ಈ ಸಾಕ್ಷಿ ಹೇಳಿದ್ರೆ ಎಲ್ಲರೂ ಚಪ್ಪಾಳೆ ತಟ್ಟಿ ಹಲ್ಲೆಲೂಯಾ ಅಂತಿದ್ವಿ.

ಆದರೆ ಬರಗಾಲ ಬಂತು, ದವಸ ಕೊಳ್ಳೋಕೆ ಅದೇ ಅಣ್ಣಂದಿರು ಬಂದು ನಿಂತರು. 42ನೇ ಅಧ್ಯಾಯದಲ್ಲಿ ಯೋಸೇಫ ಅವರಿಂದ ಆಚೆ ಹೋಗಿ ಅತ್ತ. 43ರಲ್ಲಿ ತಮ್ಮ ಬೆನ್ಯಾಮೀನನನ್ನು ನೋಡಿ ತಡೆಯೋಕಾಗದೆ ಒಳಕೋಣೆಗೆ ಹೋಗಿ ಅತ್ತ. ಆಮೇಲೆ ಮುಖ ತೊಳೆದುಕೊಂಡು ಬಂದು ಊಟ ಬಡಿಸೋಕೆ ಹೇಳಿದ. ಎಲ್ಲಾ ಮರೆತೆ ಅಂದಿದ್ದವನು ಇವನೇ ಅಲ್ವಾ?

ನಿಮ್ಮಲ್ಲಿ ಎಷ್ಟು ಜನ ಆಫೀಸಿನ ವಾಷ್‌ರೂಮಲ್ಲಿ ಅತ್ತು, ಮುಖ ತೊಳೆದು, ಮತ್ತೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೀರಿ? ಕೈ ಎತ್ತಬೇಡಿ. ನನ್ನ ಕಥೆ ಹೇಳ್ತೀನಿ.

ನಮ್ಮಪ್ಪ ತೀರಿಕೊಂಡಾಗ ನನಗೆ 27. ಮಂಗಳವಾರ ಮಣ್ಣು ಮಾಡಿದ್ವಿ, ಭಾನುವಾರ ನಾನು ಆರಾಧನೆ ನಡೆಸಿದೆ. ಹಿರಿಯರು ಬೆನ್ನು ತಟ್ಟಿ "ಎಂಥಾ ವಿಶ್ವಾಸ ಬ್ರದರ್" ಅಂದ್ರು. ನನಗೂ ಹಾಗೇ ಅನ್ನಿಸ್ತು. ಕೆಲವು ತಿಂಗಳಾದ ಮೇಲೆ ಬೆಳಿಗ್ಗೆ ಏಳುವಾಗ ದವಡೆ ನೋವು. ಆಮೇಲೆ ಎದೆ ಬಿಗಿಯೋಕೆ ಶುರುವಾಯ್ತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದ್ರು, ನಾರ್ಮಲ್. "ಮನೇಲಿ ಏನಾದ್ರೂ ಆಗಿದೆಯಾ?" ಅಂತ ಡಾಕ್ಟರ್ ಕೇಳಿದ್ರು. "ಏನೂ ಇಲ್ಲ ಸರ್" ಅಂದೆ. ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ ಹೇಳಿದ್ರು: "ಇವರಪ್ಪ ಹೋಗಿ ಎಂಟು ತಿಂಗಳಾಯ್ತು ಸಾರ್. ಇವನು ಇನ್ನೂ ಅತ್ತೇ ಇಲ್ಲ."

ಪ್ರಿಯರೇ, ಡಾಕ್ಟರ್ ಮುಂದೆ ನಾನು ಸುಳ್ಳು ಹೇಳಿದೆ ಅಂತ ನನಗೇ ಗೊತ್ತಿರಲಿಲ್ಲ.

ಜೇಮ್ಸ್ ಗ್ರಾಸ್, ರಾಬರ್ಟ್ ಲೆವೆನ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದುಃಖದ ಸಿನಿಮಾ ದೃಶ್ಯ ತೋರಿಸಿ, ಕೆಲವರಿಗೆ "ಮುಖದಲ್ಲಿ ಏನೂ ಕಾಣಿಸಬಾರದು" ಅಂತ ಹೇಳಿದ್ರು. ಅವರು ಮುಖವನ್ನು ಹಿಡಿತದಲ್ಲಿ ಇಟ್ಟುಕೊಂಡರು, ಆದರೆ ಒಳಗಿನ ದುಃಖ ಅದರಿಂದ ಕಡಿಮೆ ಆಗಲಿಲ್ಲ. ಹೃದಯ, ರಕ್ತನಾಳಗಳ ಮೇಲೆ ಒತ್ತಡ ಮಾತ್ರ ಹೆಚ್ಚಾಯ್ತು. ಕೀರ್ತನೆ 32ರಲ್ಲಿ ದಾವೀದನೂ ತನ್ನ ಅನುಭವ ಹೇಳ್ತಾನೆ. ಪಾಪವನ್ನು ಅರಿಕೆ ಮಾಡದೆ ಬಾಯಿ ಮುಚ್ಚಿಕೊಂಡಿದ್ದಾಗ ಅವನ ಎಲುಬುಗಳೇ ಸವೆದವಂತೆ. ಅವನದು ಪಾಪ, ನನ್ನದು ದುಃಖ. ಬಚ್ಚಿಟ್ಟದ್ದು ಬೇರೆ, ಹೊತ್ತದ್ದು ಮಾತ್ರ ಇಬ್ಬರಲ್ಲೂ ದೇಹವೇ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಎಲ್ಲಾ ಕಾಯಿಲೆಯೂ ಮನಸ್ಸಿಂದ ಬರಲ್ಲ. ಎದೆ ನೋವಾದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ. ಕಾಯಿಲೆ ಬಿದ್ದವರಿಗೆ "ನೀನು ಒಳಗೆ ಏನೋ ಇಟ್ಟುಕೊಂಡಿದ್ದೀಯ, ಅದಕ್ಕೇ ಹೀಗಾಯ್ತು" ಅನ್ನಬೇಡಿ. ಯೋಬನ ಸ್ನೇಹಿತರು ಅದೇ ಥರ ಮಾತಾಡಿ ದೇವರ ಹತ್ರ ಬೈಸಿಕೊಂಡರು.

ಎರಡು, ನಿಜವಾಗಿ ಬದುಕೋದು ಅಂದ್ರೆ ಅನ್ನಿಸಿದ್ದನ್ನೆಲ್ಲಾ ಎಲ್ಲರ ಮೇಲೆ ಸುರಿಯೋದಲ್ಲ. ಯೋಸೇಫ ಮುಖ ತೊಳೆದುಕೊಂಡಿದ್ದು ಕಪಟ ಅಂತ ನಾನು ಹೇಳಲ್ಲ. ಎಲ್ಲರಿಗೂ ಊಟ ಬಡಿಸಬೇಕಿತ್ತು. ನೀವೂ ಮೀಟಿಂಗ್ ಮುಗಿಸಬೇಕು, ಮಗೂನ ಸ್ಕೂಲಿಂದ ಕರ್ಕೊಂಡು ಬರಬೇಕು. ತಡೆದುಕೊಳ್ಳೋದು ಜವಾಬ್ದಾರಿ. ಅದು ಸುಳ್ಳಾಗೋದು ಯಾವಾಗ? ಅಳೋಕೆ ಒಳಕೋಣೆಯೇ ಇಲ್ಲದಾಗ. ಯೋಸೇಫನಿಗೆ ಒಂದು ಕೋಣೆ ಇತ್ತು. ನನಗೆ ಆ ಎಂಟು ತಿಂಗಳು ಇರಲಿಲ್ಲ. ಪ್ರಾರ್ಥನೆ ಮಾಡುವಾಗಲೂ ನಾನು ಮುಖ ತೊಳೆದುಕೊಂಡೇ ದೇವರ ಮುಂದೆ ಹೋಗ್ತಿದ್ದೆ.

ಈಗ 45ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿವರೆಗೂ ಅಣ್ಣಂದಿರ ಜೊತೆ ದುಭಾಷಿ ಇಟ್ಟುಕೊಂಡು ಮಾತಾಡ್ತಿದ್ದ ಯೋಸೇಫ, ಐಗುಪ್ತ್ಯರನ್ನೆಲ್ಲಾ ಹೊರಗೆ ಕಳಿಸಿದ. ಹೊರಗಿದ್ದವರಿಗೂ ಕೇಳೋ ಹಾಗೆ ಗಟ್ಟಿಯಾಗಿ ಅತ್ತು, ತಾನು ಯಾರು ಅಂತ ತನ್ನ ಬಾಯಿಂದಲೇ ಹೇಳಿದ. ತಕ್ಷಣ ತಂದೆ ಬದುಕಿದ್ದಾರಾ ಅಂತ ವಿಚಾರಿಸಿದ. ಮಗನ ಹೆಸರಲ್ಲೇ ಮರೆತೆ ಅಂತ ಬರೆದಿದ್ದ ಮನೆ ಅದು! ಕ್ಷಮೆ, ಮನೆಯವರ ಜೊತೆ ಒಂದಾಗೋದು, ಎಲ್ಲಾ ಆ ಅಳುವಿನ ಆಚೆ ಇತ್ತು. ನಮ್ಮ ಯೇಸು ಸ್ವಾಮಿ ಕೂಡ ಲಾಜರನ ಸಮಾಧಿ ಹತ್ರ ಎಲ್ಲರ ಮುಂದೆ ಅತ್ತರು. ಗೆತ್ಸೇಮನೆಯಲ್ಲಿ ಮನಸ್ಸಿನ ವೇದನೆ ಹೇಳಿಕೊಂಡಿದ್ದು ಮಾತ್ರ ಪೇತ್ರ, ಯಾಕೋಬ, ಯೋಹಾನ, ಈ ಮೂವರ ಹತ್ರ.

ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ಬಂದು "ಪಾಸ್ಟರ್, ರಾತ್ರಿ ನಿದ್ದೇನೇ ಬರ್ತಿಲ್ಲ" ಅಂದ. "ಸ್ತೋತ್ರ ಮಾಡಪ್ಪಾ, ನೆಗೆಟಿವ್ ಮಾತಾಡಬೇಡ" ಅಂದುಬಿಟ್ಟೆ. ಅವನು ನಕ್ಕು "ಆಮೆನ್ ಪಾಸ್ಟರ್" ಅಂದು ಹೋದ. ಮತ್ತೆ ಬರಲಿಲ್ಲ. ಅವನು ಒಳಕೋಣೆ ಹುಡುಕಿಕೊಂಡು ಬಂದಿದ್ದ. ನಾನು ಮುಖ ತೊಳೆಯೋಕೆ ನೀರು ಕೊಟ್ಟು ಕಳಿಸಿದೆ. ತಮ್ಮಾ, ನೀನು ಇದನ್ನ ಓದ್ತಾ ಇದ್ರೆ, ನನ್ನನ್ನ ಕ್ಷಮಿಸು.

ಈ ವಾರ ಏನು ಮಾಡೋಣ? ಒಂದು ನೋಟ್‌ಬುಕ್ ತಗೊಳ್ಳಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಅನ್ನೋ ಸಂಶೋಧಕರು ಕಾಲೇಜು ಮಕ್ಕಳಿಗೆ ತಮ್ಮ ನೋವನ್ನ, ಆಗ ಅನ್ನಿಸಿದ್ದರ ಸಮೇತ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯೋಕೆ ಹೇಳಿದ್ರು. ಬರೆಯುವಾಗ ಅವರಿಗೆ ಕಷ್ಟವೇ ಆಯ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ನೀವು ಆ 15 ನಿಮಿಷ ದೇವರಿಗೇ ಬರೆಯಿರಿ. ಕೋಪ ಇದ್ರೆ ಕೋಪ, ಅನುಮಾನ ಇದ್ರೆ ಅನುಮಾನ. ಆಮೇಲೆ ನಂಬಿಕೆಯ ಒಬ್ಬರ ಹತ್ರ ಮಾತಾಡಿ. ಬದುಕೋದೇ ಬೇಡ ಅನ್ನಿಸ್ತಿದ್ರೆ ಭಾನುವಾರದವರೆಗೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದು ಅವಿಶ್ವಾಸ ಅಲ್ಲ.

ಅವತ್ತು ರಾತ್ರಿ ಅಮ್ಮನ ಮಡಿಲಲ್ಲಿ ನಾನು ಅತ್ತೆ. ದವಡೆ ನೋವು ಮಾರನೇ ದಿನವೇ ಹೋಗಲಿಲ್ಲ, ತಿಂಗಳುಗಳೇ ಬೇಕಾಯ್ತು. ಆದರೆ ಎಂಟು ತಿಂಗಳಲ್ಲಿ ಮೊದಲ ಸಲ ನಾನು ಪ್ರಾರ್ಥನೆ ಮಾಡಿದ್ದು ಅವತ್ತೇ.

ಎಲ್ಲರೂ ಕಣ್ಣು ಮುಚ್ಚಿ. ಕರ್ತನೇ, ಮುಖ ತೊಳೆಯದೆ ಹಾಗೇ ಬಂದಿದ್ದೀವಿ. ನಮ್ಮನ್ನ ಸೇರಿಸಿಕೋ. ಆಮೆನ್.