ಹೋಗಬಾರದೆಂದ ಜಾಗ

ಮಗುವಿನ ತುಂಟತನವನ್ನು ನೀತಿಶಾಸ್ತ್ರವು ಸಾಮಾನ್ಯವಾಗಿ ಶಿಸ್ತಿನ ಕೊರತೆಯೆಂದು ಬದಿಗಿರಿಸುತ್ತದೆಯಾದರೂ, ಬೇಡವೆಂದ ಜಾಗಕ್ಕೇ ನುಗ್ಗುವ ಮಗು ಪೂರ್ವಮೀಮಾಂಸಕರು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೊಂದನ್ನು ತನಗರಿವಿಲ್ಲದೆಯೇ ಕೇಳುತ್ತಿರುತ್ತದೆ. ವೇದವಾಕ್ಯಗಳ ಅರ್ಥನಿರ್ಣಯಕ್ಕಾಗಿ ಬೆಳೆದ ಆ ದರ್ಶನದಲ್ಲಿ 'ಮಾಡು' ಎಂಬುದು ವಿಧಿ, 'ಮಾಡಬೇಡ' ಎಂಬುದು ನಿಷೇಧ. ನಿಷೇಧಕ್ಕೆ ಮೊದಲು ಪ್ರಾಪ್ತಿ ಇರಬೇಕು, ಅಂದರೆ ಆ ಕೆಲಸದತ್ತ ಮನುಷ್ಯನ ಮನಸ್ಸು ಆಗಲೇ ಹರಿದಿರಬೇಕು. ಯಾರೂ ಬಯಸದ್ದನ್ನು ಬೇಡವೆನ್ನುವ ಪ್ರಮೇಯವೇ ಬರುವುದಿಲ್ಲ. ಹೀಗಿರುವಾಗ ಹೋಗಬೇಕೆಂಬ ಆಸೆಯನ್ನೇ ಅಪರಾಧವೆಂದು ಎಣಿಸುವುದು ಶಾಸ್ತ್ರದೃಷ್ಟಿಯಿಂದಲೂ ಹುರುಳಿಲ್ಲದ ಮಾತು. ಆಸೆಯಿದ್ದೂ ಏಕೆ ಹಿಂದೆ ಸರಿಯಬೇಕು ಎಂಬಲ್ಲಿ ಪಂಥಗಳು ಬೇರೆಯಾಗುತ್ತವೆ. ನಿಷೇಧವು ಅನಿಷ್ಟಸಾಧನತೆಯನ್ನು, ಎಂದರೆ ಆ ಕೆಲಸದಿಂದ ಕೇಡುಂಟಾಗುತ್ತದೆಂಬುದನ್ನು ತಿಳಿಸುತ್ತದೆ ಎಂಬುದು ಮಂಡನಮಿಶ್ರನ ಪಕ್ಷ. ಫಲವೇನೇ ಇರಲಿ, ಆಜ್ಞೆ ಆಜ್ಞೆಯಾಗಿರುವುದರಿಂದಲೇ ಕಟ್ಟುಮಾಡುತ್ತದೆ ಎಂಬುದು ಪ್ರಭಾಕರನ ಪಕ್ಷ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂಥ ರಾಗಿ ಸೀಮೆಯಲ್ಲಿ ಮಂಡನನ ಪಕ್ಷಕ್ಕೆ ಹಗೇವಿಗಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಲು ಹಿಂದಿನವರು ನೆಲದಲ್ಲಿ ತೋಡುತ್ತಿದ್ದ, ಬಾಯಿ ಕಿರಿದಾಗಿ ಒಡಲು ಅಗಲವಾದ ಕಣಜವೇ ಹಗೇವು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ, ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ತೀರುತ್ತ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅಲ್ಲಿ ಹುಳು ಬದುಕದಿರುವುದಕ್ಕೂ, ದುಡುಕಿ ಇಳಿದ ಮನುಷ್ಯ ಬದುಕದಿರುವುದಕ್ಕೂ ಕಾರಣ ಒಂದೇ. ಆದ್ದರಿಂದ ಹಗೇವು ತೆರೆದವರು ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರಿದರೆ ಯಾರನ್ನೂ ಇಳಿಸುತ್ತಿರಲಿಲ್ಲ. ಈ ನಿಷೇಧ ಪರೀಕ್ಷೆಗೆ ಹೆದರುವುದಿಲ್ಲ. ತೊಂದರೆಯಾಗುವುದು ಕಾರಣ ಹೇಳಲು ಬೇಸರಪಟ್ಟ ಹಿರಿಯರು ಅದರ ಮುಂದೆ ಗುಮ್ಮನನ್ನು ನಿಲ್ಲಿಸಿದಾಗ: ಪಾಳುಬಾವಿಯಲ್ಲಿ ದೆವ್ವವಿದೆಯೆಂದು ಕೇಳಿ ಬೆಳೆದ ಹುಡುಗ, ದೆವ್ವವಿಲ್ಲವೆಂದು ಕಂಡುಕೊಂಡ ದಿನ ಬಾವಿಯಿರುವುದನ್ನೂ ಮರೆತುಬಿಡಬಹುದು.

ದೇವರ ಜಾಗದ ನಿಷೇಧವನ್ನು ಪರೀಕ್ಷಿಸಲು ಇಂಥ ದೀಪವಿಲ್ಲ. 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ, ಬೆತ್ತಲೆ ಪೂಜೆಯನ್ನು ಕುರಿತ ತಮ್ಮ ಇಂಗ್ಲಿಷ್ ಪ್ರಬಂಧದಲ್ಲಿ, ಬಾಲ್ಯದಲ್ಲಿ ಪೂಜೆಗೊಳ್ಳುವ ಕಲ್ಲುಗಳ ಮೇಲೆ ಕದ್ದು ಮೂತ್ರ ಮಾಡಿ ಅವುಗಳಿಗೆ ಶಕ್ತಿಯಿಲ್ಲವೆಂದು ತಮಗೆ ತಾವೇ ರುಜುವಾತು ಮಾಡಿಕೊಂಡುದನ್ನು ಬರೆದಿದ್ದಾರೆ. 2014ರಲ್ಲಿ ಎಂ. ಎಂ. ಕಲಬುರ್ಗಿಯವರು ಈ ಪ್ರಸಂಗವನ್ನು ಸಭೆಯೊಂದರಲ್ಲಿ ಉಲ್ಲೇಖಿಸಿದಾಗ ಎದ್ದ ಗದ್ದಲದಲ್ಲಿ ಅದರ ತಾತ್ತ್ವಿಕ ಅಂಶ ಯಾರಿಗೂ ಬೇಕಾದಂತೆ ಕಾಣಲಿಲ್ಲ. ಕಲ್ಲು ಬರಿಯ ಕಲ್ಲೆಂದು ನಿಜವಾಗಿ ನಂಬಿದವನಿಗೆ ಆ ಕಲ್ಲನ್ನೇ ಹುಡುಕಿಕೊಂಡು ಹೋಗುವ ಅಗತ್ಯ ಬೀಳುವುದಿಲ್ಲ. ಮೀರುವವನ ರೋಮಾಂಚವೆಲ್ಲ ನಿಷೇಧದಿಂದಲೇ ಪಡೆದ ಸಾಲ. ನಲವತ್ತು ದಾಟಿದ ಅದೇ ಲೇಖಕ 1973ರ 'ಭಾರತೀಪುರ' ಕಾದಂಬರಿಯಲ್ಲಿ ಮತ್ತೆ ಕಲ್ಲಿನ ಬಳಿಗೇ ಬರುತ್ತಾರೆ: ಮನೆತನದ ಸಾಲಿಗ್ರಾಮವನ್ನು ದಲಿತರ ಕೈಯಿಂದ ಮುಟ್ಟಿಸಹೊರಟ ನಾಯಕ ಜಗನ್ನಾಥನ ಎದುರು, ಅವರ ಭೀತಿಯೇ ಆ ಕಲ್ಲನ್ನು ದೇವರಾಗಿಸುತ್ತದೆ, ಅವನ ಹಟವು ಕ್ರೌರ್ಯಕ್ಕೆ ತಿರುಗುತ್ತದೆ.

ಆದರೆ ಇಂಥ ಉಲ್ಲಂಘನೆಯು ತುಂಟತನವೆನಿಸಿಕೊಳ್ಳುವುದು ಒಳಗಿನವರ ಮಕ್ಕಳಿಗೆ ಮಾತ್ರ. ಅರ್ಚಕರ ಮಗ ಗರ್ಭಗುಡಿಗೆ ನುಗ್ಗಿದರೆ ಕಿವಿ ಹಿಂಡುವುದರಲ್ಲಿ ಮುಗಿಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಆಂಜನೇಯನ ಗುಡಿಯೊಳಕ್ಕೆ ಓಡಿಹೋದಾಗ, ಗುಡಿಯ ಶುದ್ಧಿಗೆಂದು ತಂದೆತಾಯಿಗೆ ದಂಡ ವಿಧಿಸಲಾಯಿತು, ಸುದ್ದಿ ಹೊರಬಿದ್ದ ಮೇಲೆ ದಂಡ ಕೇಳಿದವರ ಬಂಧನವೂ ಆಯಿತು. ಆ ಮಗುವಿಗೆ ನಿಷೇಧವಿರುವುದೇ ಗೊತ್ತಿರಲಿಲ್ಲವಾದ್ದರಿಂದ ಅದನ್ನು ಉಲ್ಲಂಘನೆಯೆನ್ನುವುದಕ್ಕೂ ಬರುವುದಿಲ್ಲ.

ದುದ್ದಕ್ಕೆ ಹೆಚ್ಚು ದೂರವಲ್ಲದ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿದವರನ್ನು ತಿರುಕುಲತ್ತಾರ್, ಎಂದರೆ ಶ್ರೀಕುಲದವರು, ಎಂದು ಕರೆದು ವರ್ಷದ ಕೆಲವು ದಿನ ಚೆಲುವನಾರಾಯಣನ ಗುಡಿಗೆ ಬಿಟ್ಟರೆಂಬ ಪ್ರತೀತಿಯಿದೆ. ಹನ್ನೆರಡನೆಯ ಶತಮಾನದ ಮಟ್ಟಿಗೆ ಅದು ದೊಡ್ಡ ಔದಾರ್ಯವೇ ಸರಿ, ಆದರೂ ತರ್ಕ ಅಲ್ಲಿಗೆ ನಿಲ್ಲುವುದಿಲ್ಲ: ಪ್ರವೇಶದಿಂದ ಕೇಡಾಗುವುದು ನಿಜವಾದರೆ ಉತ್ಸವದ ದಿನಗಳಲ್ಲೂ ಆಗಬೇಕು, ಆ ದಿನಗಳಲ್ಲಿ ಆಗದಿದ್ದರೆ ಉಳಿದ ದಿನಗಳಲ್ಲಿ ಆಗುವುದಾದರೂ ಹೇಗೆ? ಇದು ಮಂಡನನ ನಿಷೇಧವಲ್ಲ, ಪ್ರಭಾಕರನದು. ಅದೂ ವೇದದ ಬದಲು ಊರು ಹೊರಡಿಸಿದ ಆಜ್ಞೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೂ ಆ ಆಜ್ಞೆ ಉಳಿದೇ ಇತ್ತು. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯ ಕಾಲಭೈರವೇಶ್ವರ ಗುಡಿಯೊಳಕ್ಕೆ ದಲಿತರು ಪೊಲೀಸರ ರಕ್ಷಣೆಯಲ್ಲಿ ಮೊದಲ ಬಾರಿಗೆ ಕಾಲಿಟ್ಟಾಗ, ಅದನ್ನು ಒಪ್ಪದವರು ಉತ್ಸವಮೂರ್ತಿಯನ್ನು ಎತ್ತಿಕೊಂಡು ಹೊರನಡೆದರು. ಕಾಯಬೇಕಾದದ್ದು ಜಾಗದ ಪಾವಿತ್ರ್ಯವೇ ಆಗಿದ್ದರೆ ಜಾಗವನ್ನು ಹೀಗೆ ಬಿಟ್ಟುಕೊಡುವುದು ಅವರಿಂದ ಆಗುತ್ತಿರಲಿಲ್ಲ.